ಬರ್ಮಾ ಸ್ಟಾರ್, ದೇವರ ಗೂಡಿನ ಕಂಚಿನ ತಟ್ಟೆ, ಗೆದ್ದಲು ತಿಂದ ಕಾಗದ: ಇಬ್ಬರು ಸೈನಿಕರ ವಿವರ ಎಲ್ಲಿ ಹುಡುಕಬೇಕು?

ಪ್ರಶ್ನೆ: ಚಿಂತಾಮಣಿ_ಸೀಮೆ

ನಮ್ಮ ಮನೆತನದಲ್ಲಿ ಇಬ್ಬರು ಮಿಲಿಟರಿಯಲ್ಲಿದ್ದರು. ಮುತ್ತಜ್ಜನ ಅಣ್ಣ ಮೊದಲ ಮಹಾಯುದ್ಧಕ್ಕೆ ಹೋದವರು, ವಾಪಸ್ ಬರಲಿಲ್ಲ. ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಇದ್ದು 1946ರಲ್ಲಿ ಬಿಡುಗಡೆಯಾಗಿ ಬಂದರು, ಪಿಂಚಣಿ ಇರಲಿಲ್ಲ. ಇಬ್ಬರೂ ಯಾವ ಪಲ್ಟನ್ ಅಂತ ಈಗ ಹೇಳುವವರಿಲ್ಲ. ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಇಷ್ಟು: ಅಂಗೈಗಿಂತ ದೊಡ್ಡದಾದ ದುಂಡು ಕಂಚಿನ ತಟ್ಟೆ, ಅದರ ಮೇಲೆ ನಿಂತ ಹೆಂಗಸು ಮತ್ತು ಸಿಂಹ (ಇದನ್ನು ಇಲ್ಲಿಯವರೆಗೆ ದೇವರ ಗೂಡಿನಲ್ಲಿಟ್ಟು ಪೂಜೆ ಮಾಡಿದ್ದಾರೆ), ಆರು ಮೂಲೆಯ ನಕ್ಷತ್ರ ಎರಡು, ಒಂದರಲ್ಲಿ ‘ದಿ ಬರ್ಮಾ ಸ್ಟಾರ್’ ಎಂದಿದೆ, ದುಂಡು ಪದಕ ಎರಡು, ಒಂದರ ಹಿಂದೆ ಸಿಂಹ, ಇನ್ನೊಂದರ ಹಿಂದೆ ಭಾರತದ ನಕ್ಷೆ, ನಾಲ್ಕು ಮಡಿಕೆಯ ಕಾಗದ, ಅರ್ಧ ಗೆದ್ದಲು ತಿಂದಿದೆ, ಒಂದು ಗ್ರೂಪ್ ಫೋಟೊ.

ಕೇಳಬೇಕಾದ್ದು ಮೂರು. ಇವುಗಳಿಂದ ಏನು ಗೊತ್ತಾಗುತ್ತದೆ, ಯಾವ ಕಚೇರಿಗೆ ಬರೆಯಬೇಕು? ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ಉಜ್ಜಬಹುದೇ? ತೋಟದ ಬದುವಿನಲ್ಲಿ ಇಬ್ಬರ ಹೆಸರಿನ ಕಲ್ಲು ನಿಲ್ಲಿಸಬೇಕೆಂದಿದೆ, ಅದರಲ್ಲಿ ಏನು ಬರೆಸಿದರೆ ಸರಿ?

ಉತ್ತರ 1: ಪದಕದ_ಅಂಚು

ಮೊದಲು ಎರಡನೆಯ ಪ್ರಶ್ನೆ, ಏಕೆಂದರೆ ಅದಕ್ಕೆ ಅವಸರವಿದೆ. ಉಜ್ಜಬೇಡಿ. ಹುಣಸೆಹಣ್ಣು, ನಿಂಬೆ, ವಿಭೂತಿ, ಪೀತಾಂಬರಿ, ಬ್ರಾಸೋ, ಯಾವುದೂ ಬೇಡ. ನಿಮಗೆ ಬೇಕಾದ ಮಾಹಿತಿಯೆಲ್ಲ ಪದಕದ ಅಂಚಿನಲ್ಲಿ ಒತ್ತಿದ ಸಣ್ಣ ಅಕ್ಷರಗಳಲ್ಲಿದೆ. ಅವುಗಳ ಆಳ ಕೂದಲೆಳೆಯಷ್ಟು. ಹುಣಸೆಯ ಹುಳಿ ಕಂಚಿನ ಮೇಲಿನ ಕಂದು ಪದರವನ್ನು ಕರಗಿಸುತ್ತದೆ, ಪುಡಿಯ ಕಣಗಳು ಲೋಹವನ್ನೇ ತೇಯುತ್ತವೆ. ವರ್ಷಕ್ಕೊಮ್ಮೆಯಂತೆ ಹತ್ತಿಪ್ಪತ್ತು ಹಬ್ಬ ಕಳೆದರೆ ಪದಕ ಫಳಫಳ ಹೊಳೆಯುತ್ತದೆ, ಹೆಸರು ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಆಗಿರುವುದೇ ಇದು.

ತಟ್ಟೆಯ ಮೇಲೆ ಎಣ್ಣೆ, ಕುಂಕುಮ ಗಟ್ಟಿಯಾಗಿ ಕೂತಿದ್ದರೆ ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಸೌಮ್ಯ ಲಿಕ್ವಿಡ್ ಸೋಪು ಹಾಕಿ, ಹತ್ತಿ ಸುತ್ತಿದ ಕಡ್ಡಿಯಿಂದ ತಟ್ಟಿ ತಟ್ಟಿ ತೆಗೆಯಿರಿ. ನೀರಿನಲ್ಲಿ ಮುಳುಗಿಸುವುದು ಬೇಡ, ಕೂಡಲೇ ಒರೆಸಿ ಒಣಗಿಸಿ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಲೋಹದ ಕಾಯಿಲೆ. ತೇವ ಇದ್ದಷ್ಟೂ ಬೆಳೆಯುತ್ತದೆ. ಬಿದಿರು ಕಡ್ಡಿಯಿಂದ ಮೆಲ್ಲಗೆ ಕೆರೆದು, ಸಿಲಿಕಾ ಜೆಲ್ ಚೀಲದ ಜೊತೆ ಬೇರೆ ಡಬ್ಬಿಯಲ್ಲಿಡಿ. ಪಿವಿಸಿ ಕವರಿನಲ್ಲಿ ಹಾಕಿಟ್ಟ ಪದಕವೂ ಹಸಿರಾಗುತ್ತದೆ, ಆ ಪ್ಲಾಸ್ಟಿಕ್ ಆಮ್ಲ ಬಿಡುತ್ತದೆ. ಪೂಜೆಗೆ ಇಡಲೇಬೇಕೆಂದರೆ ತಟ್ಟೆಯೊಂದರಲ್ಲಿ ಬಟ್ಟೆ ಹಾಸಿ ಪದಕ ಇಟ್ಟು, ಹೂವು ಕುಂಕುಮವನ್ನು ಆ ತಟ್ಟೆಯ ಮುಂದೆ ಇಡಿ.

ಈಗ ಒಂದೊಂದೇ ವಸ್ತು.

ಕಂಚಿನ ದೊಡ್ಡ ಬಿಲ್ಲೆ ಪೂಜೆಯ ತಟ್ಟೆಯಲ್ಲ. ಅಡ್ಡಳತೆ 120 ಮಿಲಿಮೀಟರ್ ಇರಬೇಕು, ಅಳೆದು ನೋಡಿ. ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗೆ ಬ್ರಿಟಿಷ್ ಸರ್ಕಾರ ಕಳಿಸಿದ ಸ್ಮರಣ ಫಲಕ ಅದು. ಹೆಂಗಸು ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನು ಸಂಕೇತಿಸುವ ಸ್ತ್ರೀರೂಪ. ಸುತ್ತ ಇಂಗ್ಲಿಷಿನಲ್ಲಿ ‘ಅವನು ಸ್ವಾತಂತ್ರ್ಯಕ್ಕಾಗಿ, ಗೌರವಕ್ಕಾಗಿ ಸತ್ತ’ ಎಂಬರ್ಥದ ಸಾಲಿದೆ. ಒಳಗೆ ಉಬ್ಬಿದ ಆಯತದ ಚೌಕಟ್ಟಿನಲ್ಲಿ ಹೆಸರಿರುತ್ತದೆ, ಹೆಸರು ಮಾತ್ರ. ಸತ್ತ ಮೇಲೆ ಎಲ್ಲರೂ ಸಮಾನರೆಂದು ಹುದ್ದೆ, ನಂಬರು, ಪಲ್ಟನ್ ಬೇಕೆಂದೇ ಬಿಟ್ಟಿದ್ದಾರೆ. ಆದ್ದರಿಂದ ಇದರಿಂದ ಸಾವು ಖಚಿತವಾಗುತ್ತದೆ, ಪಲ್ಟನ್ ಸಿಗುವುದಿಲ್ಲ. ಅಕ್ಷರಗಳು ಉಬ್ಬಿರುವುದರಿಂದ ಉಜ್ಜಿದರೆ ಮೊದಲು ಸವೆಯುವುದೂ ಅವೇ.

ಆ ಕಾಲದ ಬೇರೆ ಪದಕಗಳು ಇನ್ನೊಂದು ಮನೆಯಲ್ಲಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕಡೆ ಇರಬಹುದು, ವಿಚಾರಿಸಿ. ಹುಡುಕಬೇಕಾದ್ದು ಕುದುರೆ ಸವಾರನಿರುವ ಬ್ರಿಟಿಷ್ ವಾರ್ ಮೆಡಲ್ ಮತ್ತು ರೆಕ್ಕೆಯ ದೇವತೆಯಿರುವ ವಿಕ್ಟರಿ ಮೆಡಲ್. ಎರಡರ ಅಂಚಿನಲ್ಲೂ ನಂಬರು, ಹುದ್ದೆ, ಹೆಸರು, ಪಲ್ಟನ್ ಇರುತ್ತದೆ. ವಾರ್ ಮೆಡಲ್ ಸಾಮಾನ್ಯವಾಗಿ ಬೆಳ್ಳಿಯದು; ಕಂಚಿನದಾದರೆ ಕೂಲಿ ದಳ ಅಥವಾ ಅಂಥ ಸಹಾಯಕ ದಳದವರದು. ಬೆಳ್ಳಿಯದು ಕರಗಿಸಿ ಒಡವೆಯಾಗಿರುವ ಸಾಧ್ಯತೆಯೂ ಇದೆ.

ಅಜ್ಜನದು: ಹೆಸರು ಹೇಳದ ಇನ್ನೊಂದು ನಕ್ಷತ್ರ ಬಹುಶಃ 1939-45 ಸ್ಟಾರ್. ಎರಡು ತಲೆಯ ಡ್ರ್ಯಾಗನ್ ಮೇಲೆ ಸಿಂಹ ನಿಂತಿದ್ದರೆ 1939-45ರ ವಾರ್ ಮೆಡಲ್, ನಕ್ಷೆ ಇರುವುದು ಇಂಡಿಯಾ ಸರ್ವಿಸ್ ಮೆಡಲ್. ಒಂದು ಎಚ್ಚರಿಕೆ: ಬರ್ಮಾ ಸ್ಟಾರ್ ಇದ್ದ ಮಾತ್ರಕ್ಕೆ ಬರ್ಮಾ ನೆಲ ತುಳಿದರೆಂದು ಬರೆಸಬೇಡಿ. ಅಸ್ಸಾಂ, ಬಂಗಾಳದಲ್ಲಿ ಗೊತ್ತಾದ ಅವಧಿಯಲ್ಲಿ ಸೇವೆಯಲ್ಲಿದ್ದವರಿಗೂ ಅದು ಸಿಕ್ಕಿದೆ. ಬ್ರಿಟನ್ನಿನವರಿಗೆ ಕೊಟ್ಟ ಎರಡನೇ ಯುದ್ಧದ ಪದಕಗಳು ಹೆಸರಿಲ್ಲದವು, ಭಾರತೀಯರಿಗೆ ಕೊಟ್ಟವುಗಳಲ್ಲಿ ಹೆಸರು ಒತ್ತಿರುವುದೇ ಹೆಚ್ಚು. ದುಂಡು ಪದಕದಲ್ಲಿ ಅಂಚು, ನಕ್ಷತ್ರದಲ್ಲಿ ಬೆನ್ನು ನೋಡಬೇಕು.

ಓದುವ ಕ್ರಮ: ಕತ್ತಲ ಕೋಣೆಯಲ್ಲಿ ಪದಕವನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಟಾರ್ಚನ್ನು ಮೇಲಿಂದ ಹಿಡಿಯದೆ ಅಂಚಿಗೆ ಸವರುವಂತೆ ಪಕ್ಕದಿಂದ ಹಿಡಿಯಿರಿ. ಪದಕವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಮೊಬೈಲಿನ ಮ್ಯಾಕ್ರೊದಲ್ಲಿ ಸುತ್ತಿಗೆ ಎಂಟು ಫೋಟೊ ತೆಗೆಯಿರಿ. ಆಗಲೂ ಕಾಣದಿದ್ದರೆ ತೆಳು ಬಟರ್ ಪೇಪರ್ ಸುತ್ತಿ 2ಬಿ ಪೆನ್ಸಿಲನ್ನು ಅಡ್ಡಲಾಗಿ ಹಗುರವಾಗಿ ಆಡಿಸಿ. ಸೀಮೆಸುಣ್ಣ ತುಂಬಬೇಡಿ.

ಉತ್ತರ 2: ಲಾಂಗ್_ರೋಲ್

ಕಚೇರಿಯ ವಿಷಯ. ಮನೆ ಯಾವ ಜಿಲ್ಲೆಯಲ್ಲಿದೆ ಎಂಬುದಕ್ಕೂ ಕಡತ ಎಲ್ಲಿದೆ ಎಂಬುದಕ್ಕೂ ಸಂಬಂಧವಿಲ್ಲ. ಸಿಪಾಯಿಗಳ ದಾಖಲೆ ಅವರವರ ಪಲ್ಟನ್ನಿನ ಕೇಂದ್ರದ ರೆಕಾರ್ಡ್ಸ್ ಕಚೇರಿಯಲ್ಲಿರುತ್ತದೆ, ದೆಹಲಿಯಲ್ಲಲ್ಲ. ‘ರಕ್ಷಣಾ ಸಚಿವಾಲಯ, ನವದೆಹಲಿ’ ಎಂದು ಬರೆದ ಅರ್ಜಿಗಳು ತಿಂಗಳುಗಟ್ಟಲೆ ಅಲೆಯುವುದು ಇದಕ್ಕೇ.

ನಮ್ಮ ಕಡೆಯವರು ಹೆಚ್ಚಾಗಿ ಸೇರಿದ್ದ ದಳಗಳ ಮಟ್ಟಿಗೆ ಹೇಳುತ್ತೇನೆ. ಅಂಚಿನಲ್ಲಿ ‘ಕ್ಯೂ.ವಿ.ಓ.’ ಮತ್ತು ‘ಎಸ್ ಆ್ಯಂಡ್ ಎಂ’ ಇದ್ದರೆ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಆ್ಯಂಡ್ ಮೈನರ್ಸ್, ಸೇತುವೆ, ರಸ್ತೆ ಕಟ್ಟುವ ಸೇನೆಯ ಎಂಜಿನಿಯರ್ ದಳ, ಅಂದರೆ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಮದ್ರಾಸ್ ರೆಜಿಮೆಂಟಾದರೆ ನೀಲಗಿರಿಯ ವೆಲಿಂಗ್ಟನ್. ಬೆಳಗಾವಿ, ಧಾರವಾಡ ಕಡೆಯವರು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದರೆ ಬೆಳಗಾವಿ. 1922ಕ್ಕೆ ಮೊದಲು ಅವು 103, 105, 110, 114, 116, 117 ಎಂಬ ಬೇರೆ ಬೇರೆ ನಂಬರಿನ ಪಲ್ಟನ್‌ಗಳು, ಪದಕದ ಮೇಲೂ ಹಾಗೇ ಇರುತ್ತದೆ. ತೋಪಿನ ದಳವಾದರೆ ನಾಸಿಕ್ ರೋಡಿನ ಆರ್ಟಿಲರಿ ರೆಕಾರ್ಡ್ಸ್, ಸಿಗ್ನಲ್ಸ್ ಆದರೆ ಜಬಲ್ಪುರ. ಕೊಡಗಿನವರು ಇಲ್ಲಿ ಎಡವುತ್ತಾರೆ: 1942ರಲ್ಲಿ ಕಟ್ಟಿದ ಕೂರ್ಗ್ ಬೆಟಾಲಿಯನ್ ಕಾಲಾಳು ದಳ, ಆದರೆ ಯುದ್ಧವಾದ ಮೇಲೆ ಅದು ಆರ್ಟಿಲರಿಯಾಗಿ ಮಾರ್ಪಟ್ಟಿತು. ಹಾಗಾಗಿ ಅವರೂ ನಾಸಿಕ್ಕಿನಿಂದಲೇ ಶುರು ಮಾಡುವುದು ಒಳ್ಳೆಯದು.

‘ಪಯೋನಿಯರ್ಸ್’ (ದಾರಿ, ಕಂದಕದ ಕೆಲಸವನ್ನೂ ಮಾಡುತ್ತಿದ್ದ ಕಾಲಾಳು ದಳ) ಎಂದು ಕಂಡರೆ ಸ್ವಲ್ಪ ಕಷ್ಟ. 61, 64, 81 ನಂಬರಿನ ಮದ್ರಾಸ್ ಪಯೋನಿಯರ್ ಪಲ್ಟನ್‌ಗಳನ್ನು 1930ರ ದಶಕದ ಮೊದಲಲ್ಲೇ ಮುಚ್ಚಿದರು, ಆಗ ಸೇವೆಯಲ್ಲಿದ್ದ ಹಲವರು ಮದ್ರಾಸ್ ಸ್ಯಾಪರ್ಸ್‌ಗೆ ಬಂದರು. ಮೊದಲ ಯುದ್ಧದಲ್ಲೇ ಸತ್ತವರ ಕಾಗದ ಹಾಗೆ ಬಂದಿರುವುದಿಲ್ಲ.

ಇನ್ನು ಮೈಸೂರು ಸಂಸ್ಥಾನದ್ದೇ ಸೇನೆ. ಚಿಂತಾಮಣಿಯವರು ಬೆಂಗಳೂರು ದಂಡಿನಲ್ಲಿ ಬ್ರಿಟಿಷ್ ಇಂಡಿಯನ್ ಆರ್ಮಿಗೂ ಸೇರಿರಬಹುದು, ಮಹಾರಾಜರ ಸೇನೆಗೂ ಸೇರಿರಬಹುದು. ಮೊದಲ ಯುದ್ಧಕ್ಕೆ ಸಂಸ್ಥಾನ ಕಳಿಸಿದ್ದು ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳ ಮತ್ತು ಟ್ರಾನ್ಸ್‌ಪೋರ್ಟ್ ಕೋರ್. ಲ್ಯಾನ್ಸರ್ಸ್ ಈಜಿಪ್ಟ್, ಪ್ಯಾಲೆಸ್ಟೈನ್‌ನಲ್ಲಿದ್ದರು. 23 ಸೆಪ್ಟೆಂಬರ್ 1918ರಂದು ಜೋಧಪುರದವರ ಜೊತೆ ಹೈಫಾ ಗೆದ್ದವರು ಇವರೇ. ಟ್ರಾನ್ಸ್‌ಪೋರ್ಟ್ ಕೋರ್ ಮೆಸಪೊಟೇಮಿಯಾಕ್ಕೆ (ಇಂದಿನ ಇರಾಕ್) ಹೋಗಿತ್ತು. ಈ ದಳಗಳು ಸಂಸ್ಥಾನದ್ದೇ ಆದ್ದರಿಂದ ನೇಮಕ, ಸಂಬಳ, ಸತ್ತವರ ಕುಟುಂಬಕ್ಕೆ ಕೊಟ್ಟ ಸಹಾಯದ ಜಾಡು ಮೈಸೂರು ಸರ್ಕಾರದ ಕಡತಗಳಲ್ಲಿ ಹುಡುಕಬೇಕು. ಅಂದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ ಮಿಲಿಟರಿ ವಿಭಾಗದ ಸೂಚಿ ಕೇಳಿ. ಅಲ್ಲಿ ಹೆಸರು ಹಿಡಿದು ಹುಡುಕಲಾಗದು, ವರ್ಷ ಮತ್ತು ವಿಷಯ ಹಿಡಿದು ಹುಡುಕಬೇಕು. ಎರಡು ಮೂರು ದಿನ ಇಟ್ಟುಕೊಂಡು ಹೋಗಿ.

ಅಜ್ಜನ ಕಡತ ಸಿಗುತ್ತದೆಯೇ? ಪೂರ್ತಿ ಕಡತ, ಅಂದರೆ ಶೀಟ್ ರೋಲ್, ಬಹುತೇಕ ಇರುವುದಿಲ್ಲ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಶೀಟ್ ರೋಲನ್ನು 25 ವರ್ಷ ಇಟ್ಟು ನಾಶ ಮಾಡುವುದು ಸೇನೆಯ ನಿಯಮ. 1946ರವರ ಕಾಗದ 1970ರ ಆಚೀಚೆ ಹೋಗಿರುತ್ತದೆ. ಆದರೆ ಲಾಂಗ್ ರೋಲ್ ಎಂಬ ರಿಜಿಸ್ಟರನ್ನು ಶಾಶ್ವತವಾಗಿ ಇಡುತ್ತಾರೆ. ಅದರಲ್ಲಿ ಒಬ್ಬರಿಗೆ ಒಂದೇ ಸಾಲು: ನಂಬರು, ಹೆಸರು, ಸೇರಿದ ದಿನ, ಬಿಡುಗಡೆಯ ದಿನ ಮತ್ತು ಕಾರಣ, ಅಂಥದ್ದು. ಹೆಚ್ಚಿನ ಅರ್ಜಿಗಳು ಸೋಲುವುದು ‘ಸೇವಾ ದಾಖಲೆ ಕೊಡಿ’ ಎಂದು ಕೇಳುವುದರಿಂದ. ‘ನಾಶವಾಗಿದೆ’ ಎಂಬ ಉತ್ತರ ಬರುತ್ತದೆ, ಅದು ನಿಜವೂ ಹೌದು. ನೀವು ಕೇಳಬೇಕಾದ್ದು ‘ಇಂಥ ನಂಬರಿನ ಲಾಂಗ್ ರೋಲ್ ನಮೂದಿನ ದೃಢೀಕೃತ ಪ್ರತಿ’.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ, ಆನ್‌ಲೈನ್ ಅಥವಾ ಪೋಸ್ಟಲ್ ಆರ್ಡರ್. ನಂಬರು, ಹುದ್ದೆ, ಪದಕದ ಮೇಲಿನ ಕಾಗುಣಿತದಲ್ಲೇ ಹೆಸರು, ತಂದೆಯ ಹೆಸರು, ಹಳ್ಳಿ, ಅಂದಾಜು ವರ್ಷ ಕೊಡಿ. ಅಂಚಿನ ಫೋಟೊ ಲಗತ್ತಿಸಿ. 30 ದಿನದಲ್ಲಿ ಉತ್ತರ ಬರಬೇಕು. ಮೂರನೆಯವರ ಖಾಸಗಿ ಮಾಹಿತಿ ಎಂದು ನಿರಾಕರಿಸಿದರೆ ಮೊದಲ ಮೇಲ್ಮನವಿಯಲ್ಲಿ ಕಲಂ 8(3) ಎತ್ತಿ: 20 ವರ್ಷಕ್ಕಿಂತ ಹಳೆಯ ಸಂಗತಿಗೆ ಖಾಸಗಿತನದ ವಿನಾಯಿತಿ ಅನ್ವಯಿಸದು. ಮೇಲ್ಮನವಿಗೆ 30 ದಿನದ ಗಡುವಿದೆ. ಅದಕ್ಕೂ ಮೊದಲು ಕೇಂದ್ರದ ಚೀಫ್ ರೆಕಾರ್ಡ್ ಆಫೀಸರರಿಗೆ ಒಂದು ಸಾದಾ ಪತ್ರ ಬರೆಯಿರಿ. ಹಳೆಯ ಸೈನಿಕರ ಮನೆಯವರೆಂದರೆ ಅಲ್ಲಿನ ಗುಮಾಸ್ತರು ಪ್ರೀತಿಯಿಂದ ಹುಡುಕಿಕೊಡುವುದುಂಟು.

ಉತ್ತರ 3: ಕಲ್ಲಿನ_ಸಾಲು

ಮುತ್ತಜ್ಜನ ಅಣ್ಣನಿಗೆ ದಾರಿ ಬೇರೆ. ಯುದ್ಧಕಾಲದಲ್ಲಿ ಸತ್ತವರನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ (ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಸಂಸ್ಥೆ) ವೆಬ್‌ಸೈಟಿನ ಉಚಿತ ಹುಡುಕಾಟದಲ್ಲಿ ನೋಡಿ. ಅವರ ಅವಧಿ 4 ಆಗಸ್ಟ್ 1914ರಿಂದ 31 ಆಗಸ್ಟ್ 1921, ಮತ್ತೆ 3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947. ಅಜ್ಜ ಬದುಕಿ ಬಂದವರು, ಅಲ್ಲಿ ಇರುವುದಿಲ್ಲ. ಅವರನ್ನು ಹುಡುಕಿ ಹೊತ್ತು ಕಳೆಯಬೇಡಿ.

ಒಂದೇ ಹೆಸರಿದ್ದ ನಮ್ಮವರನ್ನು ‘ಸರ್‌ನೇಮ್’ ಕಾಲಮಿನಲ್ಲಿ ಹಾಕಿದ್ದಾರೆ, ‘ಫೋರ್‌ನೇಮ್’ ಖಾಲಿ ಬಿಡಿ. ‘ಇಂಡಿಯನ್ ಆರ್ಮಿ’ ಮತ್ತು ಯುದ್ಧ ಆರಿಸಿ. ಕಾಗುಣಿತವೇ ದೊಡ್ಡ ತೊಡಕು. ಮುನಿಸ್ವಾಮಿ ಎಂಬ ಹೆಸರಿನಲ್ಲಿ ‘ಯು’ ಇರಬಹುದು, ಎರಡು ‘ಓ’ ಇರಬಹುದು. ಕೊನೆಗೆ ‘ಐ’ ಅಥವಾ ‘ವೈ’. ನಡುವೆ ‘ಡಬ್ಲ್ಯು’ ಬಂದು ‘ಸಾಮಿ’ಯೂ ಆಗಿರಬಹುದು. ವೆಂಕಟಪ್ಪನಿಗೆ ಒಂದು ‘ಪಿ’ ಸಾಕಾಗಿದೆ ಕೆಲವು ಕಡೆ. ಫಲಕದ ಮೇಲಿನ ಕಾಗುಣಿತವನ್ನೇ ಮೊದಲು ಹಾಕಿ, ಆಗದಿದ್ದರೆ ಒಂದೊಂದೇ ಅಕ್ಷರ ಬದಲಿಸಿ.

ಹೆಸರಿನಿಂದ ಸೋತರೆ ಊರಿನಿಂದ ಹುಡುಕಿ: ‘ಹೆಚ್ಚುವರಿ ಮಾಹಿತಿ’ ಎಂಬ ಕಾಲಂ ಇದೆ, ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಜಿಲ್ಲೆ ಅಲ್ಲಿ ಬರುತ್ತದೆ. ಇಲ್ಲಿ ಇಂದಿನ ಭೂಪಟ ಮರೆಯಿರಿ. ಚಿಂತಾಮಣಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು 2007ರಲ್ಲಿ. ದಾಖಲೆಯಲ್ಲಿ ‘ಕೋಲಾರ್, ಮೈಸೂರ್’ ಎಂದಿರುತ್ತದೆ. ಬೇರೆಯವರಿಗೂ ಉಪಯೋಗವಾಗಲಿ: ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿನಡಿ ಸಿಗುತ್ತವೆ, ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಮುಂಬಯಿಯಡಿ, ಕಲಬುರಗಿ, ರಾಯಚೂರು, ಬೀದರ ಹೈದರಾಬಾದಿನಡಿ, ಕೊಡಗು ತಾನೇ ಬೇರೆ. ಧಾರವಾಡದ ಕೊನೆಗೆ ‘ಡಿ’ ಅಲ್ಲ, ‘ಆರ್’.

ಹೆಸರು ಸಿಕ್ಕರೆ ಅದರ ಜೊತೆ ಸ್ಮಾರಕದ ಹೆಸರೂ ಬರುತ್ತದೆ, ಅದರಿಂದ ರಣರಂಗ ಗೊತ್ತಾಗುತ್ತದೆ. ಬಸ್ರಾ ಎಂದರೆ ಮೆಸಪೊಟೇಮಿಯಾ, ಹೆಲಿಯೊಪೊಲಿಸ್ ಎಂದರೆ ಈಜಿಪ್ಟ್-ಪ್ಯಾಲೆಸ್ಟೈನ್ ಕಡೆ, ನ್ಯೂವ್ ಶಾಪೆಲ್ ಎಂದರೆ ಫ್ರಾನ್ಸ್. ಬಸ್ರಾ ಸ್ಮಾರಕದಲ್ಲಿ 40,000ಕ್ಕೂ ಹೆಚ್ಚು ಮಂದಿಯ ಲೆಕ್ಕವಿದೆ. ಆದರೆ ಭಾರತೀಯ ಸಾಮಾನ್ಯ ಸಿಪಾಯಿಗಳ ಹೆಸರನ್ನು ಅಲ್ಲಿ ಕಲ್ಲಿನ ಮೇಲೆ ಕೆತ್ತಲಿಲ್ಲ, ಪಲ್ಟನ್ ಮತ್ತು ಸಂಖ್ಯೆ ಮಾತ್ರ ಬರೆದು ಹೆಸರುಗಳನ್ನು ಪುಸ್ತಕದಲ್ಲಿ ಇಟ್ಟರು. ಇದು ಅನ್ಯಾಯವೆಂದು ಕಮಿಷನ್ನೇ 2021ರ ವರದಿಯಲ್ಲಿ ಒಪ್ಪಿಕೊಂಡಿದೆ. ಹೆಸರೇ ಬಿಟ್ಟುಹೋಗಿದ್ದರೆ ಸೇವೆಯ ಪುರಾವೆ, ಸಾವಿನ ದಿನಾಂಕದ ಪುರಾವೆ ಜೊತೆ ಸೇರಿಸಬೇಕೆಂದು ಮನವಿ ಕೊಡಬಹುದು. ಆ ಕಂಚಿನ ಫಲಕ ನಿಮ್ಮ ಬಲವಾದ ಸಾಕ್ಷಿ.

ಎರಡು ತಪ್ಪು ನಂಬಿಕೆ. ಇಂಡಿಯಾ ಗೇಟಿನ ಮೇಲೆ ಎಲ್ಲರ ಹೆಸರೂ ಇಲ್ಲ: ಮೊದಲ ಯುದ್ಧದಲ್ಲಿ ಸತ್ತ ಸುಮಾರು 74,000 ಭಾರತೀಯರಲ್ಲಿ ಅಲ್ಲಿರುವುದು 13,000ದ ಆಸುಪಾಸು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಸ್ವಾತಂತ್ರ್ಯಾನಂತರ ಮಡಿದವರದು. ಹಾಗೇ, ಲಾಹೋರಿನಿಂದ ಡಿಜಿಟಲ್ ಆಗಿ ಬಂದಿರುವ 3,20,000 ಹೆಸರಿನ ರಿಜಿಸ್ಟರ್‌ಗಳು ಪಂಜಾಬಿನವರದು, ಅಲ್ಲಿ ನಮ್ಮವರನ್ನು ಹುಡುಕಿ ನಿರಾಶರಾಗಬೇಡಿ.

ಮರುಪ್ರಶ್ನೆ: ಚಿಂತಾಮಣಿ_ಸೀಮೆ

ಬಿಲ್ಲೆ ಸರಿಯಾಗಿ 120 ಮಿಲಿಮೀಟರ್ ಇದೆ, ಹೆಸರಿನ ಕೊನೆಯ ಎರಡು ಅಕ್ಷರ ಸವೆದಿವೆ. ನಕ್ಷೆಯ ಪದಕದ ಅಂಚಿನಲ್ಲಿ ಐದಂಕಿಯ ನಂಬರು, ‘ಎಸ್‌.ಪಿ.ಆರ್.’, ಹೆಸರು, ಆಮೇಲೆ ‘ಕ್ಯೂ.ವಿ.ಓ.’ ಕಾಣುತ್ತಿದೆ, ನಂಬರಿನ ಮೊದಲ ಅಂಕಿ 1 ಅಥವಾ 7. ಸಿಂಹದ ಪದಕದ ಅಂಚು ಖಾಲಿ. ಕಾಗದ ಬಿಡಿಸಲು ಹೋದರೆ ಮಡಿಕೆಯಲ್ಲಿ ಹರಿಯುತ್ತಿದೆ, ಲ್ಯಾಮಿನೇಶನ್ ಮಾಡಿಸಲೇ?

ಉತ್ತರ 4: ಪದಕದ_ಅಂಚು

‘ಎಸ್‌.ಪಿ.ಆರ್.’ ಎಂದರೆ ಸ್ಯಾಪರ್, ಆ ದಳದಲ್ಲಿ ಸಿಪಾಯಿಗೆ ಸಮಾನ ಹುದ್ದೆ. ಹಲಸೂರಿಗೇ ಬರೆಯಿರಿ, ಎರಡೂ ನಂಬರು ಕೊಡಿ. ಖಾಲಿ ಅಂಚಿನ ಬಗ್ಗೆ ಚಿಂತೆ ಬೇಡ: ಹೆಸರಿಲ್ಲದೆ ಬಂದವೂ ಇವೆ, ಕಳೆದುಹೋಗಿ ಬದಲಿಗೆ ಕೊಂಡವೂ ಇವೆ. ಒಂದರ ಮೇಲೆ ಇದ್ದರೆ ಸಾಕು.

ಉತ್ತರ 5: ಹಳೆ_ಕಾಗದ

ಲ್ಯಾಮಿನೇಶನ್ ಖಂಡಿತ ಬೇಡ. ಬಿಸಿಗೆ ಅಂಟು ಕಾಗದದೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲಾಗದು, ಒಳಗೇ ಹಳದಿಯಾಗುತ್ತದೆ. ಸೆಲ್ಲೊಟೇಪೂ ಬೇಡ. ಮೊದಲು ಜೀವಂತ ಗೆದ್ದಲು ಇದೆಯೇ ನೋಡಿ. ಇದ್ದರೆ ಕಾಗದವನ್ನು ಆ ಪೆಟ್ಟಿಗೆಗೆ ವಾಪಸ್ ಹಾಕಬೇಡಿ.

ಬಿಡಿಸುವ ಕ್ರಮ: ದೊಡ್ಡ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಕಾಗದ. ನೀರು ಕಾಗದಕ್ಕೆ ತಾಗಬಾರದು, ಮುಚ್ಚಳದಿಂದ ಹನಿಯೂ ಬೀಳಬಾರದು. ಗಂಟೆಗೊಮ್ಮೆ ನೋಡುತ್ತ ಇರಿ, ರಾತ್ರಿಯಿಡೀ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಮಡಿಕೆ ಮೆತ್ತಗಾದಾಗ ಅಗಲ ಚಪ್ಪಟೆ ಚಮಚದಿಂದ ಬಿಡಿಸಿ, ಎರಡು ಬಿಳಿ ಬ್ಲಾಟಿಂಗ್ ಕಾಗದದ ನಡುವೆ ಹಗುರ ಭಾರದಡಿ ಒಣಗಿಸಿ. ಆದರೆ ನೇರಳೆ ಶಾಯಿ ಅಥವಾ ರಬ್ಬರ್ ಸ್ಟಾಂಪು ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ತೇವಕ್ಕೆ ಶಾಯಿ ಹರಡುತ್ತದೆ. ಆಗ ಮಡಿಕೆ ಎಷ್ಟು ತೆರೆಯುತ್ತದೋ ಅಷ್ಟಕ್ಕೇ ಫೋಟೊ ತೆಗೆದು, ಉಳಿದದ್ದನ್ನು ಕಾಗದ ಸಂರಕ್ಷಣೆ ಬಲ್ಲವರಿಗೆ ಬಿಡಿ.

ಕಾಗದವನ್ನು 300, ಫೋಟೊವನ್ನು 600 ಡಿಪಿಐನಲ್ಲಿ ಎರಡೂ ಬದಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಟಿಫ್ ಆಗಿ ಉಳಿಸಿ. ಗ್ರೂಪ್ ಫೋಟೊದ ರಟ್ಟಿನ ಕೆಳಗೆ ಕಂಪನಿ ನಂಬರು, ಸ್ಟುಡಿಯೋ ಹೆಸರು, ವರ್ಷ ಇರುವುದು ಸಾಮಾನ್ಯ. ರಟ್ಟನ್ನು ಕತ್ತರಿಸಿ ಹೊಸ ಫ್ರೇಮ್ ಹಾಕಿಸಿದರೆ ಅದೇ ಹೋಗುತ್ತದೆ.

ಉತ್ತರ 6: ಲಾಂಗ್_ರೋಲ್

ಆ ಕಂಪನಿ ನಂಬರು ಸಿಕ್ಕರೆ ದೊಡ್ಡ ಬಾಗಿಲು ತೆರೆದಂತೆ. ಸ್ಯಾಪರ್‌ಗಳು ಇಡೀ ದಳವಾಗಿ ಯುದ್ಧಕ್ಕೆ ಹೋಗುತ್ತಿರಲಿಲ್ಲ, ಒಂದೊಂದು ಫೀಲ್ಡ್ ಕಂಪನಿ ಒಂದೊಂದು ಡಿವಿಷನ್ನಿನ ಜೊತೆ ಹೋಗುತ್ತಿತ್ತು. ಉದಾಹರಣೆಗೆ 12ನೇ ಫೀಲ್ಡ್ ಕಂಪನಿ 4ನೇ ಇಂಡಿಯನ್ ಡಿವಿಷನ್ನಿನ ಜೊತೆ ಆಫ್ರಿಕಾ, ಇಟಲಿಯಲ್ಲಿತ್ತು. ಪ್ರತಿ ಕಂಪನಿಯೂ ದಿನಚರಿ ಬರೆಯಬೇಕಿತ್ತು; ಯಾವ ದಿನ ಯಾವ ಹೊಳೆಗೆ ಸೇತುವೆ, ಎಲ್ಲಿ ರಸ್ತೆ ಎಂದೆಲ್ಲ ಅದರಲ್ಲಿದೆ. ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆಗ್ನೇಯ ಏಷ್ಯಾದ ದಿನಚರಿಗಳು ‘ಡಬ್ಲ್ಯು.ಓ. 172’ ಸರಣಿಯಲ್ಲಿ, ಮೊದಲ ಯುದ್ಧದವು ‘ಡಬ್ಲ್ಯು.ಓ. 95’ರಲ್ಲಿವೆ. ಸಿಪಾಯಿಗಳ ಹೆಸರು ಅದರಲ್ಲಿ ಅಪರೂಪ, ಆದರೆ ಅಜ್ಜ ಎಲ್ಲೆಲ್ಲಿ ಇದ್ದರೆಂಬುದು ತಿಂಗಳು ತಿಂಗಳಿಗೆ ಸಿಗುತ್ತದೆ.

ಉತ್ತರ 7: ಕಲ್ಲಿನ_ಸಾಲು

ಕಲ್ಲಿನ ಬಗ್ಗೆ. ಸಾದರಹಳ್ಳಿಯ ಬೂದು ಗ್ರಾನೈಟ್ ಒಳ್ಳೆಯದು. ಅಳತೆಗೆ ಮಾದರಿ ಬೇಕಿದ್ದರೆ ಕಮಿಷನ್ನಿನ ಸಮಾಧಿ ಕಲ್ಲು 813 ಮಿಲಿಮೀಟರ್ ಎತ್ತರ, 381 ಅಗಲ, 76 ದಪ್ಪ. ನೆಲದೊಳಗೆ ಹೂಳುವ ಭಾಗಕ್ಕೆ ಇನ್ನೊಂದೂವರೆ ಅಡಿ ಸೇರಿಸಿ. ಮೇಲೆ ಬಣ್ಣ ಬರೆಸಿದ ಅಕ್ಷರ ನಾಲ್ಕಾರು ಮಳೆಗಾಲಕ್ಕೆ ಹೋಗುತ್ತದೆ, ಇಂಗ್ಲಿಷಿನ ‘ವಿ’ ಆಕಾರದಲ್ಲಿ ಕೊರೆಸಿ. ಕನ್ನಡದ ಒತ್ತಕ್ಷರ, ದೀರ್ಘ ಉಳಿಯಬೇಕಾದರೆ ಅಕ್ಷರ 30 ಮಿಲಿಮೀಟರಿಗಿಂತ ಚಿಕ್ಕದು ಬೇಡ, ಸಾಲುಗಳ ನಡುವೆ ಒತ್ತಿಗೆ ಜಾಗ ಬಿಡಲು ಹೇಳಿ. ಕೊರೆಯುವ ಮೊದಲು ಪೂರ್ತಿ ಅಳತೆಯ ಕಾಗದದ ಕರಡು ಮನೆಯವರೆಲ್ಲ ಓದಲಿ.

ಬರೆಸಬೇಕಾದ್ದು: ಮನೆಯಲ್ಲಿ ಕರೆಯುತ್ತಿದ್ದ ಹೆಸರು ಕನ್ನಡದಲ್ಲಿ, ತಂದೆಯ ಹೆಸರು, ನಂಬರು, ಹುದ್ದೆ, ಆ ಕಾಲದ ದಳದ ಹೆಸರು. ಅಜ್ಜನದು ‘ಕ್ವೀನ್ ವಿಕ್ಟೋರಿಯಾಸ್ ಓನ್ ಮದ್ರಾಸ್ ಸ್ಯಾಪರ್ಸ್ ಆ್ಯಂಡ್ ಮೈನರ್ಸ್’ ಎಂದಿರಲಿ. ಇಂದಿನ ಹೆಸರು ಬೇಕಿದ್ದರೆ ಕೆಳಗಿನ ಸಾಲಿನಲ್ಲಿ. ಮುತ್ತಜ್ಜನ ಅಣ್ಣನ ಸಾವಿನ ಕಾರಣ ಕಾಗದದಲ್ಲಿ ಸಿಗುವವರೆಗೆ ‘ರಣರಂಗದಲ್ಲಿ’ ಎನ್ನಬೇಡಿ. ಮೆಸಪೊಟೇಮಿಯಾದಲ್ಲಿ ಗುಂಡಿಗಿಂತ ಕಾಯಿಲೆಗೆ ಹೋದವರು ಬಹಳ ಮಂದಿ. ‘1914-1921ರ ಯುದ್ಧಸೇವೆಯಲ್ಲಿ ತೀರಿಕೊಂಡರು’ ಎಂದರೆ ಎರಡಕ್ಕೂ ಸಲ್ಲುತ್ತದೆ. ಅವರ ಹೆಸರಿನ ಕೆಳಗೆ ಎರಡು ಸಾಲಿನಷ್ಟು ಜಾಗ ಖಾಲಿ ಬಿಡಿಸಿ, ಪಲ್ಟನ್ ಸಿಕ್ಕ ದಿನ ಅಲ್ಲೇ ಕೊರೆಸಬಹುದು.